ಸೌರಮಂಡಲ ವಿಜ್ಞಾನದಲ್ಲಿ ಪಿಎಚ್‌ಡಿ: ಕೋರಮಂಗಲವೋ, ಅಹಮದಾಬಾದೋ, ಗೊಟಿಂಗೆನ್ನೋ?

ಎಂಎಸ್ಸಿ ಎರಡನೇ ವರ್ಷಕ್ಕೆ ಕಾಲಿಟ್ಟ ಬೆಂಗಳೂರಿನ ವಿದ್ಯಾರ್ಥಿಗಳು ಮೊದಲು ಕೇಳುವುದು ಯಾವ ಸಂಸ್ಥೆ ಒಳ್ಳೆಯದು ಅಂತ. ಆ ಪ್ರಶ್ನೆಯನ್ನು ಕೊನೆಗಿಟ್ಟುಕೊಳ್ಳಿ. ಐದು ವರ್ಷ ಕೈಯಲ್ಲಿ ಏನು ಹಿಡಿದು ಕೂರುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಬೇಕು. ಸೂರ್ಯನ ಬೆಳಕಿನ ರೋಹಿತವೇ, ಉಲ್ಕಾಶಿಲೆಯ ಚೂರೇ, ಚಂದ್ರನ ನೆಲದ ಚಿತ್ರಗಳೇ, ಶುಕ್ರ-ಮಂಗಳದ ವಾತಾವರಣದ ಲೆಕ್ಕವೇ, ನೌಕೆಯ ಮೇಲೆ ಕೂರುವ ಉಪಕರಣವೇ? ಸೌರಮಂಡಲ ವಿಜ್ಞಾನ ಅನ್ನುವ ಒಂದೇ ಹೆಸರಿನಡಿ ಇರುವ ಈ ಕೆಲಸಗಳಿಗೆ ಪ್ರಯೋಗಾಲಯ ಬೇರೆ, ಪ್ರವೇಶ ಪರೀಕ್ಷೆ ಬೇರೆ, ಊರೂ ಬೇರೆ. ಆಮೇಲೆ ನೋಡಬೇಕಾದ್ದು ದುಡ್ಡು: ಯಾರು ಕೊಡುತ್ತಾರೆ, ಎಷ್ಟು ತಿಂಗಳು ಕೊಡುತ್ತಾರೆ. ಇವೆರಡೂ ಖಚಿತವಾದರೆ ಪಟ್ಟಿಯಲ್ಲಿ ಮೂರೋ ನಾಲ್ಕೋ ಹೆಸರು ಉಳಿಯುತ್ತವೆ. ಆಗ ಹೆಸರು ನೋಡಿ ಆರಿಸಿದರೂ ನಷ್ಟವಿಲ್ಲ.

ಸೂರ್ಯನಾದರೆ ಊರು ಬಿಡಬೇಕಿಲ್ಲ

ಸೂರ್ಯನನ್ನೇ ಓದಬೇಕು ಅನ್ನುವವರಿಗೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗಿಂತ (ಎಲ್ಲರೂ ಐಐಎ ಅನ್ನುತ್ತಾರೆ) ಒಳ್ಳೆಯ ಜಾಗ ದೇಶದಲ್ಲಿ ಹುಡುಕುವುದು ಕಷ್ಟ. ಕೊಡೈಕೆನಾಲ್ ಸೌರ ವೀಕ್ಷಣಾಲಯ ಅದರದೇ. ಅಲ್ಲಿ 20ನೇ ಶತಮಾನದ ಮೊದಲ ದಶಕದಿಂದ ತೆಗೆಯುತ್ತ ಬಂದ ಸೂರ್ಯನ ಚಿತ್ರಗಳನ್ನು ಡಿಜಿಟಲ್ ಮಾಡಿಟ್ಟಿದ್ದಾರೆ. ನೂರು ವರ್ಷಕ್ಕೂ ಮೀರಿದ ಸೌರಕಲೆಗಳ ಸರಣಿ ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಇದೆ. ಸೌರಕಲೆಯಿಂದ ಅನಿಲ ಹೊರಕ್ಕೆ ಹರಿಯುವ ಎವರ್‌ಶೆಡ್ ಪರಿಣಾಮವನ್ನು 1909ರಲ್ಲಿ ಕಂಡದ್ದೂ ಅಲ್ಲೇ. ಇನ್ನೊಂದು ತುದಿಯಲ್ಲಿ ಆದಿತ್ಯ-ಎಲ್1 ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಈ ನೌಕೆಯ ಮುಖ್ಯ ಉಪಕರಣ ವಿಇಎಲ್‌ಸಿ ಐಐಎಯ ಹೊಸಕೋಟೆ ಆವರಣದಲ್ಲಿ ಸಿದ್ಧವಾದದ್ದು. ಸೂರ್ಯನ ತಟ್ಟೆಯನ್ನು ಮರೆಮಾಡಿ ಅದರ ಅಂಚಿನಿಂದಲೇ ಕರೋನಾವನ್ನು, ಅಂದರೆ ಸೂರ್ಯನ ಹೊರಗಿನ ವಾತಾವರಣವನ್ನು, ನೋಡುವ ಉಪಕರಣ ಅದು. ಗೌರಿಬಿದನೂರಿನಲ್ಲಿ ಕರೋನಾದ ರೇಡಿಯೋ ಚಿತ್ರ ತೆಗೆಯುವ ಆಂಟೆನಾಗಳ ಸಾಲೂ ಇದೆ. ಬೆಳಕು, ರೇಡಿಯೋ, ಹಳೆಯ ದಾಖಲೆ ಮೂರನ್ನೂ ಸೇರಿಸಿ ಪ್ರಬಂಧ ಕಟ್ಟಬೇಕೆಂದರೆ ಎಲ್ಲವೂ ಒಂದು ದಿನದ ಪ್ರಯಾಣದೊಳಗೆ ಸಿಗುತ್ತದೆ.

ಹಳೇ ಏರ್‌ಪೋರ್ಟ್ ರಸ್ತೆಯ ಯು. ಆರ್. ರಾವ್ ಉಪಗ್ರಹ ಕೇಂದ್ರವನ್ನು ಬಹಳ ಜನ ಮರೆತೇಬಿಡುತ್ತಾರೆ. ಆದಿತ್ಯದ ಎರಡು ಎಕ್ಸ್‌-ರೇ ಉಪಕರಣಗಳು, ಅಂದರೆ ಸೋಲೆಕ್ಸ್ ಮತ್ತು ಹೀಲಿಯೋಸ್, ಅಲ್ಲಿಯವು. ಚಂದ್ರಯಾನ-2ರ ಕ್ಲಾಸ್ ಉಪಕರಣವೂ ಅಲ್ಲಿಯದೇ. ಸೂರ್ಯನ ಎಕ್ಸ್‌-ರೇ ಚಂದ್ರನ ನೆಲಕ್ಕೆ ಬಡಿದಾಗ ಅಲ್ಲಿನ ಮೂಲವಸ್ತುಗಳು ಹೊಮ್ಮಿಸುವ ಪ್ರತಿಕಿರಣವನ್ನು ಅದು ಅಳೆಯುತ್ತದೆ. ಚಂದ್ರನ ಸೋಡಿಯಂ ನಕ್ಷೆ ಮಾಡಿದ್ದು ಅದೇ. ಪೀಣ್ಯದ ಲಿಯೋಸ್ ಪ್ರಯೋಗಾಲಯ ಚಂದ್ರಯಾನ-3ಕ್ಕೆ ಚಂದ್ರಕಂಪನ ಅಳೆಯುವ ಇಲ್ಸಾವನ್ನೂ ರೋವರ್ ಮೇಲಿನ ಲೇಸರ್ ಉಪಕರಣವನ್ನೂ ಮಾಡಿಕೊಟ್ಟಿತು. ಆದರೆ ಇವು ಇಸ್ರೋದ ಘಟಕಗಳು, ಕಾಲೇಜುಗಳಲ್ಲ. ಸಂಶೋಧನಾ ಸೀಟು ಬಹಳ ಕಡಿಮೆ, ಪದವಿ ಕೊಡುವುದು ಬೇರೆ ವಿಶ್ವವಿದ್ಯಾಲಯ. ಉಪಕರಣದ ಹುಚ್ಚು ನಿಜವಾಗಿ ಇದ್ದವರು ಮಾತ್ರ ಇಲ್ಲಿ ಪ್ರಯತ್ನಿಸುವುದು ಸರಿ.

ಐಐಎಸ್ಸಿಯಲ್ಲಿ ಜಂಟಿ ಖಗೋಳವಿಜ್ಞಾನ ಕಾರ್ಯಕ್ರಮ 1982ರಿಂದ ನಡೆಯುತ್ತಿದೆ. ಕೋರ್ಸ್‌ವರ್ಕ್ ಗಟ್ಟಿ, ಪದವಿ ಅವರದೇ. ಆದರೆ ಗ್ರಹಗಳ ಕೆಲಸ ಅಲ್ಲಿ ಒಂದೇ ಸೂರಿನಡಿ ಇಲ್ಲ. ಭೂವಿಜ್ಞಾನ ಕೇಂದ್ರ, ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ, ಭೌತವಿಜ್ಞಾನ, ಏರೋಸ್ಪೇಸ್ ಅಂತ ಹರಡಿದೆ. ಐಐಎಸ್ಸಿಗೆ ಹೋಗುವುದೇ ಗುರಿಯಾಗಿದ್ದರೆ ಅಲ್ಲಿನ ಒಬ್ಬರ ಪ್ರಕಟಣೆಗಳನ್ನು ಓದಿ ಅವರ ವಿಭಾಗಕ್ಕೇ ಅರ್ಜಿ ಹಾಕಿ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಾಗಲಿ, ಹೆಸರಘಟ್ಟ ಕಡೆಯ ಐಸಿಟಿಎಸ್ ಆಗಲಿ ಖಭೌತಕ್ಕೆ ಚೆನ್ನ. ಗ್ರಹ, ಧೂಮಕೇತು, ಉಲ್ಕೆ ಅಂತ ಹೋಗುವವರಿಗೆ ಅವುಗಳನ್ನು ಪಟ್ಟಿಯಿಂದ ಬಿಟ್ಟರೂ ತೊಂದರೆಯಿಲ್ಲ.

ಕಲ್ಲು, ಚಂದ್ರ, ಸಣ್ಣ ಕಾಯಗಳು: ಊರು ಬಿಡಬೇಕು

ಮನೆ ಬಿಟ್ಟು ಹೋಗಲು ಮನಸ್ಸಿಲ್ಲದ ಕಾರಣಕ್ಕೆ ಉಲ್ಕಾಶಿಲೆಯ ಆಸಕ್ತಿಯನ್ನು ಸೌರಭೌತಕ್ಕೆ ಬಗ್ಗಿಸಿಕೊಂಡವರು ಮೂರನೇ ವರ್ಷದ ಹೊತ್ತಿಗೆ ಬೇಸತ್ತುಹೋಗುತ್ತಾರೆ. ಈ ವಿಷಯದಲ್ಲಿ ರಾಜಿ ಬೇಡ. ಕಲ್ಲಿನ ಕೆಲಸಕ್ಕೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್, ದೇಶದ ಮೊದಲ ಆಯ್ಕೆ. ಐಸೊಟೋಪ್ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗಳು, ಅದನ್ನು ನಡೆಸಬಲ್ಲ ಜನ, ನೌಕೆಗೆ ಉಪಕರಣ ಕಟ್ಟುವ ಗುಂಪು ಮೂರೂ ಅಲ್ಲಿ ಒಟ್ಟಿಗಿವೆ. ಪ್ರಜ್ಞಾನ್ ರೋವರ್ ಮೇಲಿದ್ದ ಎಪಿಎಕ್ಸ್‌ಎಸ್ ಅವರದು. ಇಳಿದ ಜಾಗದ ಸುತ್ತ 23 ಕಡೆ ಮಣ್ಣನ್ನು ಅಳೆದು, ಚಂದ್ರನ ಹೊರಪದರ ಒಂದು ಕಾಲದಲ್ಲಿ ಕರಗಿದ ಶಿಲೆಯ ಸಾಗರವಾಗಿತ್ತು ಅನ್ನುವ ವಾದಕ್ಕೆ 2024ರಲ್ಲಿ ಬಲ ಕೊಟ್ಟದ್ದು ಆ ಉಪಕರಣ. ಮೌಂಟ್ ಅಬುವಿನಲ್ಲಿ 1.2 ಮೀಟರ್ ಮತ್ತು 2.5 ಮೀಟರ್ ದೂರದರ್ಶಕಗಳೂ ಪಿಆರ್‌ಎಲ್‌ನವೇ.

ಭೂವಿಜ್ಞಾನ ಓದಿದವರಿಗೆ ಭುವನೇಶ್ವರದ ನೈಸರ್‌ನಲ್ಲಿ ಭೂ ಮತ್ತು ಗ್ರಹ ವಿಜ್ಞಾನದ ವಿಭಾಗವೇ ಇದೆ. ಕಾನ್ಪುರ ಐಐಟಿ ಬಾಹ್ಯಾಕಾಶ, ಗ್ರಹ, ಖಗೋಳ ಮೂರನ್ನೂ ಸೇರಿಸಿ ವಿಭಾಗ ತೆರೆದಿದೆ. ಹೊಸ ವಿಭಾಗವಾದರೆ ಒಂದು ಮಾತು ನೆನಪಿಡಿ: ಉಪಕರಣ ಖರೀದಿಗೆ ಮಂಜೂರಾತಿ ಸಿಗುವುದಕ್ಕೂ, ಅದು ಬಂದು ಕೂತು ಸರಿಯಾಗಿ ಅಳೆಯುವುದಕ್ಕೂ ನಡುವೆ ಎರಡು ವರ್ಷ ಸಲೀಸಾಗಿ ಕಳೆಯುತ್ತದೆ. "ಮುಂದಿನ ವರ್ಷ ಮಷಿನ್ ಬರುತ್ತೆ" ಅನ್ನುವ ಭರವಸೆಯ ಮೇಲೆ ಪ್ರಬಂಧದ ಮೊದಲ ಅಧ್ಯಾಯ ಕಟ್ಟಬೇಡಿ. ಹೋಗಿ ನೋಡಿ, ಯಂತ್ರ ಓಡುತ್ತಿದೆಯೇ, ಕಳೆದ ವರ್ಷ ಅದರಿಂದ ಬಂದ ಪ್ರಕಟಣೆ ಯಾವುದು ಕೇಳಿ. ಕಲ್ಲು ಎಲ್ಲಿಂದ ಬರುತ್ತದೆ ಅಂತಲೂ ಕೇಳಬೇಕು. ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಯುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದು. ಚೂರು ಬೇಕಾದರೆ ಪತ್ರ ವ್ಯವಹಾರ ಆಗಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಗೈಡ್ ಹತ್ತಿರ ಈಗಾಗಲೇ ಮಾದರಿಗಳಿದ್ದರೆ ನಿಮಗೆ ಒಂದು ವರ್ಷ ಉಳಿಯಿತು ಅಂದುಕೊಳ್ಳಿ.

ಕ್ಷುದ್ರಗ್ರಹ, ಧೂಮಕೇತುಗಳ ವೀಕ್ಷಣೆಗೆ ಬೇಕಾದ್ದು ದೂರದರ್ಶಕದ ಸಮಯ. ಐಐಎಗೆ ಹಾನ್ಲೆಯಲ್ಲಿ 2 ಮೀಟರ್ ದೂರದರ್ಶಕವಿದೆ. 4,500 ಮೀಟರ್ ಎತ್ತರದಲ್ಲಿರುವ ಅದನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಕಾವಲೂರಿನಲ್ಲಿ 2.34 ಮೀಟರ್‌ನದಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ಉಂಗುರಗಳ ಸುಳಿವು ಕಾವಲೂರಿನಲ್ಲೂ ದಾಖಲಾಗಿತ್ತು. ಇಂಥ ಹಿನ್ನೆಲೆ ಇದ್ದರೂ ಇಂದು ಅಲ್ಲಿ ಸಣ್ಣ ಕಾಯಗಳ ಮೇಲೆ ಪೂರ್ತಿ ಪ್ರಬಂಧ ಮಾಡಿಸುವ ಗೈಡ್‌ಗಳು ಕಡಿಮೆ. ನೈನಿತಾಲಿನ ಏರೀಸ್‌ಗೆ ದೇವಸ್ಥಲದಲ್ಲಿ 3.6 ಮೀಟರ್ ದೂರದರ್ಶಕವಿದೆ; ಪಿಆರ್‌ಎಲ್ ಜೊತೆಗೆ ಅದನ್ನೂ ಪಟ್ಟಿಗೆ ಹಾಕಿ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣದ ವೀಕ್ಷಣಾಲಯಗಳಲ್ಲಿ ಆಕಾಶ ಸಿಗುವುದು ಅಪರೂಪ. ಧೂಮಕೇತುವೇನು ಮೋಡ ಸರಿಯಲಿ ಅಂತ ಕಾಯುವುದಿಲ್ಲ. ಆದ್ದರಿಂದ ವೀಕ್ಷಣೆಯ ಪ್ರಬಂಧಕ್ಕೆ ಒಂದೇ ಧೂಮಕೇತುವಿಗಿಂತ, ಹಲವು ಕಾಯಗಳ ಸಮೀಕ್ಷೆ ಸುರಕ್ಷಿತ.

ಗ್ರಹಗಳ ವಾತಾವರಣ, ಅಯಾನುಗೋಳ ಅಂದರೆ ತಿರುವನಂತಪುರ. ವಿಕ್ರಮ್ ಸಾರಾಭಾಯ್ ಕೇಂದ್ರದ ಬಾಹ್ಯಾಕಾಶ ಭೌತ ಪ್ರಯೋಗಾಲಯ ಚಂದ್ರಯಾನ-1ರಿಂದಲೂ ಈ ಕೆಲಸದಲ್ಲಿದೆ.

ಹಾರದ ನೌಕೆಯ ಮೇಲೆ ಪ್ರಬಂಧ ಬೇಡ

ಹೊಸ ನೌಕೆಯ ಸುದ್ದಿ ಪತ್ರಿಕೆಯಲ್ಲಿ ಬಂದ ವರ್ಷ ಅದೇ ವಿಷಯಕ್ಕೆ ಅರ್ಜಿಗಳು ಮುಗಿಬೀಳುತ್ತವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆದಿತ್ಯದ ಮೊದಲ ಕಲ್ಪನೆ 2008ರದು, ಹಾರಿದ್ದು 2023ರಲ್ಲಿ. ಬುಧಗ್ರಹಕ್ಕೆ ಹೊರಟ ಯುರೋಪ್-ಜಪಾನಿನ ಬೆಪಿಕೊಲಂಬೊ 2018ರಲ್ಲಿ ಹಾರಿತು. ತಲುಪುವ ದಿನಾಂಕ 2025ರ ಡಿಸೆಂಬರ್‌ನಿಂದ 2026ರ ನವೆಂಬರ್‌ಗೆ ಜರುಗಿತು. 2023ರ ಏಪ್ರಿಲ್‌ನಲ್ಲಿ ಹಾರಿದ ಜ್ಯೂಸ್ ಗುರುಗ್ರಹ ಮುಟ್ಟುವುದು 2031ಕ್ಕೆ. ನಮ್ಮ ಶುಕ್ರ ಕಕ್ಷಾನೌಕೆಗೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, 2028ರ ಮಾರ್ಚ್ ಗುರಿ ಇಟ್ಟುಕೊಂಡಿದ್ದಾರೆ. ಐದು ವರ್ಷದ ಫೆಲೋಶಿಪ್ ಹಿಡಿದು ಬಂದವರಿಗೆ ಒಂದು ವರ್ಷದ ವಿಳಂಬ ಅಂದರೆ ಒಂದು ಅಧ್ಯಾಯ ಹೋದಂತೆ.

ಮಾಡಬೇಕಾದ್ದು ಇಷ್ಟು: ಪ್ರಬಂಧದ ಮೂರು ಅಧ್ಯಾಯಗಳಲ್ಲಿ ಎರಡು ಈಗಾಗಲೇ ಭೂಮಿಯ ಮೇಲಿರುವ ದತ್ತಾಂಶದ ಮೇಲೆ ನಿಲ್ಲಲಿ. ಶುಕ್ರಕ್ಕಾದರೆ ವೀನಸ್ ಎಕ್ಸ್‌ಪ್ರೆಸ್ ಮತ್ತು ಜಪಾನಿನ ಅಕಾತ್ಸುಕಿಯ ಅಳತೆಗಳು ಮುಕ್ತವಾಗಿ ಸಿಗುತ್ತವೆ. ಹೊಸ ನೌಕೆ ಸಮಯಕ್ಕೆ ಹಾರಿದರೆ ಮೂರನೆಯ ಅಧ್ಯಾಯ. ಹಾರದಿದ್ದರೆ ಅದರ ಜಾಗದಲ್ಲಿ ಮಾದರಿ ಲೆಕ್ಕ. ಇಸ್ರೋದ ದತ್ತಾಂಶವನ್ನು ಬ್ಯಾಲಾಳುವಿನ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಕಾಯುತ್ತದೆ. ಚಂದ್ರಯಾನ-2, ಆದಿತ್ಯದ ಕಡತಗಳನ್ನು ಅದರ ಪ್ರದಾನ್ ತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ಉಪಕರಣದ ತಂಡಕ್ಕೆ ಮೊದಲ ಕೆಲವು ತಿಂಗಳು ದತ್ತಾಂಶದ ಒಡೆತನ ಇರುತ್ತದೆ. ನಿಮ್ಮ ಗೈಡ್ ಆ ತಂಡದಲ್ಲಿದ್ದಾರೋ ಇಲ್ಲವೋ ಅನ್ನುವುದರಿಂದ ಬಹಳ ವ್ಯತ್ಯಾಸವಾಗುತ್ತದೆ.

ದುಡ್ಡಿನ ಲೆಕ್ಕ

ಭಾರತದಲ್ಲಿ ಮೂಲ ದರ ಒಂದೇ: ಮೊದಲ ಎರಡು ವರ್ಷ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಆಮೇಲಿನ ಮೂರು ವರ್ಷ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000 ರೂಪಾಯಿ. 2023ರ ಜನವರಿಯಿಂದ ಇದು ಜಾರಿಯಲ್ಲಿದೆ. ಐದು ವರ್ಷಕ್ಕೆ ಕೂಡಿದರೆ 24 ಲಕ್ಷ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಸೇರುತ್ತದೆ. ಬೆಂಗಳೂರು, ಅಹಮದಾಬಾದ್ ಎರಡೂ ಈ ಭತ್ಯೆಯ ಲೆಕ್ಕದಲ್ಲಿ ಎಕ್ಸ್ ದರ್ಜೆಯ, ಅಂದರೆ ಹೆಚ್ಚಿನ ದರದ, ನಗರಗಳು. ಶೇ 30ರಂತೆ ಹಿಡಿದರೆ ಜೆಆರ್‌ಎಫ್‌ಗೆ 11,100, ಎಸ್‌ಆರ್‌ಎಫ್‌ಗೆ 12,600 ರೂಪಾಯಿ. ಹಾಸ್ಟೆಲ್ ಕೊಟ್ಟರೆ ಈ ಭತ್ಯೆ ಇಲ್ಲ. ಒಂದೇ ಭತ್ಯೆಯಲ್ಲಿ ಕೋರಮಂಗಲದ ಬಾಡಿಗೆಯೂ ಅಹಮದಾಬಾದಿನ ನವರಂಗಪುರದ ಬಾಡಿಗೆಯೂ ಒಂದೇ ರೀತಿ ತೂಗುವುದಿಲ್ಲ. ಬೆಂಗಳೂರಲ್ಲಿ ಅಡ್ವಾನ್ಸ್ ಅಂತ ಹಲವು ತಿಂಗಳ ಬಾಡಿಗೆ ಮುಂಗಡ ಕೇಳುತ್ತಾರೆ, ಫೆಲೋಶಿಪ್‌ನ ಮೊದಲ ಕಂತು ತಡವಾಗಿ ಬರುವುದೂ ಮಾಮೂಲು. ಸೇರುವ ಹೊತ್ತಿಗೆ ಆರು ತಿಂಗಳ ಖರ್ಚು ಕೈಯಲ್ಲಿರಲಿ, ಅಥವಾ ಹಾಸ್ಟೆಲ್ ಖಚಿತವಿರಲಿ.

ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್ ಮೊದಲೆರಡು ವರ್ಷ 70,000, ಮೂರನೇ ವರ್ಷ 75,000, ಕೊನೆಯೆರಡು ವರ್ಷ 80,000 ರೂಪಾಯಿ ಕೊಡುತ್ತ ಬಂದಿದೆ. ಐದು ವರ್ಷಕ್ಕೆ 45 ಲಕ್ಷ, ಜೊತೆಗೆ ವರ್ಷಕ್ಕೆ 2 ಲಕ್ಷದ ಸಂಶೋಧನಾ ಅನುದಾನ. ಇದು ಐಐಎಸ್ಸಿ, ಐಐಟಿ, ಐಸರ್‌ಗಳಂಥ ಪಟ್ಟಿ ಮಾಡಿದ ಸಂಸ್ಥೆಗಳಿಗೆ. ಇಷ್ಟು ವ್ಯತ್ಯಾಸ ಕಂಡಾಗ ಮನಸ್ಸು ಆ ಕಡೆ ವಾಲುವುದು ಸಹಜ. ಆದರೆ ಕರೋನಾ ಓದಲು ಬಂದವರು 21 ಲಕ್ಷದ ಆಸೆಗೆ ಕರೋನಾ ನೋಡದ ವಿಭಾಗ ಸೇರಿದರೆ ಲೆಕ್ಕ ತಪ್ಪುತ್ತದೆ. ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಸಿಗುವುದು ಪ್ರಬಂಧದ ವಿಷಯದ ಮೇಲೆ. ಫೆಲೋಶಿಪ್‌ನ ಮೊತ್ತವನ್ನು ಯಾರೂ ಕೇಳುವುದಿಲ್ಲ.

ಹೆಚ್ಚು ಜನ ಎಡವುವುದು ಪ್ರಾಜೆಕ್ಟ್ ಜೆಆರ್‌ಎಫ್‌ನಲ್ಲಿ. ಯಾವುದೋ ಯೋಜನೆಯಡಿ ಸಂಬಳಕ್ಕೆ ಕರೆಯುವ ಹುದ್ದೆಗೂ ಪಿಎಚ್‌ಡಿ ಸೀಟಿಗೂ ಸಂಬಂಧವಿಲ್ಲ. ಯೋಜನೆ ಮೂರು ವರ್ಷಕ್ಕೆ ಮುಗಿಯುತ್ತದೆ, ನೋಂದಣಿ ಆಗಿರುವುದಿಲ್ಲ, ಆಗಿದ್ದರೂ ಕೊನೆಯ ವರ್ಷಗಳಿಗೆ ದುಡ್ಡಿರುವುದಿಲ್ಲ. ಇಂಥ ಹುದ್ದೆ ಒಪ್ಪುವ ಮುಂಚೆ ಮೂರು ವಿಷಯ ಬರಹದಲ್ಲಿ ಪಡೆಯಿರಿ: ಯೋಜನೆ ಮುಗಿಯುವ ದಿನಾಂಕ, ಯಾವ ವಿಶ್ವವಿದ್ಯಾಲಯದಲ್ಲಿ ಯಾವಾಗ ನೋಂದಣಿ, ಯೋಜನೆ ಮುಗಿದಮೇಲೆ ಸಂಬಳ ಯಾವ ಲೆಕ್ಕದಿಂದ. ಇಷ್ಟಾದರೂ, ಸ್ವಂತ ನೆಟ್ ಜೆಆರ್‌ಎಫ್ ಇದ್ದವರಿಗೆ ಗೈಡ್ ಬದಲಿಸುವ ಸ್ವಾತಂತ್ರ್ಯ ಇದ್ದಂತೆ ಪ್ರಾಜೆಕ್ಟಿನವರಿಗೆ ಇರುವುದಿಲ್ಲ.

ಯಾವ ಪರೀಕ್ಷೆ ಯಾವ ಬಾಗಿಲು ತೆರೆಯುತ್ತದೆ

ಭೌತವಿಜ್ಞಾನದವರಿಗೆ ಜೆಸ್ಟ್, ಗೇಟ್, ಸಿಎಸ್‌ಐಆರ್-ಯುಜಿಸಿ ನೆಟ್. ಐಐಎ, ಪಿಆರ್‌ಎಲ್, ಐಐಎಸ್ಸಿಯ ಭೌತವಿಜ್ಞಾನ ಮೂರಕ್ಕೂ ಜೆಸ್ಟ್ ನಡೆಯುತ್ತದೆ. ಅದು ಆ ವರ್ಷಕ್ಕೆ ಮಾತ್ರ. ಗೇಟ್ ಅಂಕ ಮೂರು ವರ್ಷ ನಿಲ್ಲುತ್ತದೆ. ಭೂವಿಜ್ಞಾನದವರಿಗೆ ಜೆಸ್ಟ್ ಇಲ್ಲ. ಗೇಟ್‌ನಲ್ಲಿ ಭೂವಿಜ್ಞಾನ-ಭೂಭೌತ ಪತ್ರಿಕೆ, ನೆಟ್‌ನಲ್ಲಿ ಭೂ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನ ಪತ್ರಿಕೆ ಇದೆ. ಈ ಕೊನೆಯದನ್ನು ಭೌತವಿಜ್ಞಾನದವರು ಸುಲಭ ಅಂದುಕೊಂಡು ಬರೆಯಹೋಗುವುದುಂಟು. ಖನಿಜ, ಶಿಲೆ, ಸ್ತರಶಾಸ್ತ್ರದ ಪ್ರಶ್ನೆಗಳು ಎದುರಾದಾಗ ಗೊತ್ತಾಗುತ್ತದೆ.

ಪರೀಕ್ಷೆ ಸಂದರ್ಶನದ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಸಂದರ್ಶನದಲ್ಲಿ ನಿಮಗೆ ಇಷ್ಟದ ಒಂದು ವಿಷಯ ಕೇಳಿ ಅದನ್ನೇ ಆಳಕ್ಕೆ ಕೊರೆಯುತ್ತಾರೆ. ವಿದ್ಯುತ್ಕಾಂತ ಅಂದರೆ ಮ್ಯಾಕ್ಸ್‌ವೆಲ್ ಸಮೀಕರಣದಿಂದ ಶುರುವಾಗಿ ಪ್ಲಾಸ್ಮಾದಲ್ಲಿ ಅಲೆ ಹೇಗೆ ಚಲಿಸುತ್ತದೆ ಅನ್ನುವಲ್ಲಿಗೆ ತಲುಪಬಹುದು. ಬೋರ್ಡಿನ ಮೇಲೆ ಬಿಡಿಸಬೇಕು, ಬಾಯಿಮಾತು ಸಾಲದು. ಗ್ರಹ ವಿಜ್ಞಾನದ ಸಂದರ್ಶನದಲ್ಲಿ ಕಪ್ಪುಕುಳಿ, ಡಾರ್ಕ್ ಮ್ಯಾಟರ್ ನನ್ನ ಆಸಕ್ತಿ ಅನ್ನುವವರು ಪ್ರತಿವರ್ಷ ಇರುತ್ತಾರೆ. ಅವರ ಸಂದರ್ಶನ ಬೇಗ ಮುಗಿಯುತ್ತದೆ. ಚಂದ್ರನ ಹಗಲಿನ ಬದಿಯ ತಾಪಮಾನ ಅಂದಾಜು ಮಾಡಿ, ಒಂದು ಕ್ಷುದ್ರಗ್ರಹದಿಂದ ಜಿಗಿದು ಪಾರಾಗಲು ಅದು ಎಷ್ಟು ಚಿಕ್ಕದಿರಬೇಕು ಹೇಳಿ, ಇಂಥ ಅಂದಾಜಿನ ಲೆಕ್ಕಗಳನ್ನು ಕಾಗದ-ಪೆನ್ನಿನಲ್ಲಿ ಮಾಡಿ ರೂಢಿಸಿಕೊಳ್ಳಿ.

ನಾಲ್ಕು ವರ್ಷದ ಪದವಿಯವರಿಗೆ: ಯುಜಿಸಿಯ 2022ರ ನಿಯಮದ ಪ್ರಕಾರ ಶೇ 75 ಅಥವಾ ತತ್ಸಮ ಗ್ರೇಡ್ ಇದ್ದರೆ ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಹತೆ ಇದೆ. ಸಂಸ್ಥೆಗಳು ತಮ್ಮದೇ ಷರತ್ತು ಸೇರಿಸಬಹುದು.

ಹೊರದೇಶ: ಜರ್ಮನಿಯ ದಾರಿ, ಅಮೆರಿಕದ ದಾರಿ

ಸೌರಮಂಡಲ ಅನ್ನುವ ಹೆಸರನ್ನೇ ಹೊತ್ತ ದೊಡ್ಡ ಸಂಸ್ಥೆ ಗೊಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸೌರಮಂಡಲ ಸಂಶೋಧನಾ ಸಂಸ್ಥೆ. 2014ರಲ್ಲಿ ಕಾಟ್ಲೆನ್‌ಬುರ್ಗ್-ಲಿಂಡಾವ್ ಹಳ್ಳಿಯಿಂದ ಅಲ್ಲಿಗೆ ಬಂತು. ರೋಸೆಟ್ಟಾ ನೌಕೆಯ ಓಸಿರಿಸ್ ಕ್ಯಾಮೆರಾ, ಸೋಲಾರ್ ಆರ್ಬಿಟರ್‌ನ ಕಾಂತಕ್ಷೇತ್ರ ಅಳೆಯುವ ಉಪಕರಣ, ಜ್ಯೂಸ್‌ನ ಸಬ್‌ಮಿಲಿಮೀಟರ್ ಉಪಕರಣ ಮೂರರ ನೇತೃತ್ವವೂ ಅದರದೇ. ಅಲ್ಲಿನ ಡಾಕ್ಟರೇಟ್ ಶಾಲೆಗೆ ವರ್ಷಕ್ಕೊಂದು ಕರೆ, ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಚ್ಚುತ್ತದೆ. ಬೋಧನೆ ಇಂಗ್ಲಿಷಿನಲ್ಲಿ, ಪದವಿ ವಿಶ್ವವಿದ್ಯಾಲಯದ್ದು. ಮೂರು ವರ್ಷದ ಒಪ್ಪಂದ, ಅಗತ್ಯವಿದ್ದರೆ ಇನ್ನೊಂದು ವರ್ಷದವರೆಗೆ ವಿಸ್ತರಣೆ. ಅಲ್ಲಿ ನೀವು ಉದ್ಯೋಗಿ: ಸರಕಾರಿ ಸಂಬಳ ಶ್ರೇಣಿಯ ಒಂದು ಪಾಲು ಸಂಬಳ, ಆರೋಗ್ಯ ವಿಮೆ, ರಜೆ ಎಲ್ಲ ಸೇರಿ.

ಇಲ್ಲಿಗೂ ಅಲ್ಲಿಗೂ ಮುಖ್ಯ ವ್ಯತ್ಯಾಸ ಸಮಯದ್ದು. ಐಐಎ, ಪಿಆರ್‌ಎಲ್‌ಗಳಲ್ಲಿ ಮೊದಲ ವರ್ಷ ಕೋರ್ಸ್‌ವರ್ಕ್, ಆಮೇಲೆ ಗೈಡ್, ಆಮೇಲೆ ವಿಷಯ. ಜರ್ಮನಿಯಲ್ಲಿ ಅರ್ಜಿ ಹಾಕುವಾಗಲೇ ಯೋಜನೆ ಆರಿಸುತ್ತೀರಿ, ಮೊದಲ ತಿಂಗಳಿಂದಲೇ ದತ್ತಾಂಶ. ವಿಷಯ ಇನ್ನೂ ಗಟ್ಟಿಯಾಗಿಲ್ಲದವರಿಗೆ, ಸೌರಭೌತವೋ ಧೂಮಕೇತುವೋ ಅಂತ ತೂಗಾಡುವವರಿಗೆ, ಭಾರತದ ಮೊದಲ ವರ್ಷ ದೊಡ್ಡ ಅನುಕೂಲ. ಎಂಎಸ್ಸಿ ಪ್ರಬಂಧದಲ್ಲೇ ವಿಷಯ ಹಿಡಿದವರಿಗೆ ಆ ವರ್ಷ ವ್ಯರ್ಥ ಅನ್ನಿಸಬಹುದು. ಜರ್ಮನಿಗೆ ಸ್ನಾತಕೋತ್ತರ ಪದವಿ ಬೇಕು; ಅದರಲ್ಲಿ ಸಂಶೋಧನಾ ಪ್ರಬಂಧ ಇರಬೇಕು ಅನ್ನುವುದನ್ನು ನಮ್ಮ ಕಡೆಯ ಹಲವರು ಗಮನಿಸುವುದಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಬದಲು ಥಿಯರಿ ಪತ್ರಿಕೆ ಆರಿಸಿಕೊಂಡವರಿಗೆ ಇಲ್ಲೇ ಪೆಟ್ಟು. ಆಯ್ಕೆ ಇದ್ದರೆ ಪ್ರಾಜೆಕ್ಟ್ ತೆಗೆದುಕೊಳ್ಳಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಹಂತ ಮುಗಿಸಿಕೊಂಡರೆ ಮನೆ ಹುಡುಕಲು, ಪುರಸಭೆಯಲ್ಲಿ ವಿಳಾಸ ನೋಂದಾಯಿಸಲು ಸಹಾಯ. ಪ್ರವೇಶಕ್ಕೆ ಅದು ಬೇಕಿಲ್ಲ.

ಸ್ವೀಡನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಇನ್ನೂ ನೇರ. ಹುದ್ದೆ ಜಾಹೀರಾತು ಬರುತ್ತದೆ, ಸಂಬಳದ ಕೆಲಸ. ಕಿರುನಾದ ಸ್ವೀಡಿಷ್ ಬಾಹ್ಯಾಕಾಶ ಭೌತ ಸಂಸ್ಥೆ ಚಂದ್ರಯಾನ-1ರ ಸಾರಾ ಉಪಕರಣದಲ್ಲಿ ತಿರುವನಂತಪುರದ ಜೊತೆ ಕೈಜೋಡಿಸಿದ್ದು. ಧೂಮಕೇತುವಿನ ಅನಿಲ ಅಳೆದ ರೋಸಿನಾ ಉಪಕರಣ ಬರ್ನ್ ವಿಶ್ವವಿದ್ಯಾಲಯದ್ದು. ವರ್ಷಕ್ಕೆ ಇಂತಿಷ್ಟೇ ಹುದ್ದೆ ಅನ್ನುವ ಖಾತ್ರಿಯಿಲ್ಲ, ಜಾಹೀರಾತು ಬಂದಾಗ ಸಿದ್ಧವಿರಬೇಕು.

ಅಮೆರಿಕ ಬೇರೆ ಲೋಕ. ಐದಾರು ವರ್ಷ, ಎಂಎಸ್ಸಿ ಕಡ್ಡಾಯವಲ್ಲ, ಬೋಧನಾ ಶುಲ್ಕ ಮನ್ನಾ, ಬೋಧನೆ ಅಥವಾ ಸಂಶೋಧನಾ ಸಹಾಯಕರಾಗಿ ಸಂಭಾವನೆ. ಕಲ್ಲಿನ ಕೆಲಸಕ್ಕೆ ಅಲ್ಲಿನ ಪ್ರಯೋಗಾಲಯಗಳಿಗೆ ಸಾಟಿ ಕಡಿಮೆ. ಬೆನ್ನು ಕ್ಷುದ್ರಗ್ರಹದಿಂದ 121.6 ಗ್ರಾಂ ಮಣ್ಣು 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂದದ್ದು ಅರಿಜೋನ ವಿಶ್ವವಿದ್ಯಾಲಯದ ನೇತೃತ್ವದಲ್ಲಿ. ಒಪ್ಪುವ ಮುಂಚೆ ಕೇಳಬೇಕಾದ್ದು, ಸಂಭಾವನೆ 9 ತಿಂಗಳದೋ 12 ತಿಂಗಳದೋ. 9 ತಿಂಗಳದಾದರೆ ಬೇಸಿಗೆ ಮೂರು ತಿಂಗಳು ಯಾರು ಕೊಡುತ್ತಾರೆ? ನೌಕೆಯ ಉಪಕರಣ ಮುಟ್ಟುವ ಆಸೆ ಇದ್ದವರು ಇನ್ನೊಂದು ತಿಳಿದಿರಲಿ: ಶಸ್ತ್ರಾಸ್ತ್ರ ರಫ್ತು ನಿಯಮಗಳ ಕಾರಣ ಅಲ್ಲಿ ಹಾರುವ ಯಂತ್ರಾಂಶದ ಹತ್ತಿರ ವಿದೇಶಿ ವಿದ್ಯಾರ್ಥಿಗಳನ್ನು ಬಿಡುವುದು ಕಡಿಮೆ. ದತ್ತಾಂಶಕ್ಕೆ ಅಡ್ಡಿಯಿಲ್ಲ. ಉಪಕರಣವೇ ಬೇಕಾದರೆ ಯುರೋಪ್ ಅಥವಾ ಇಸ್ರೋ. ಅರ್ಜಿ ಶುಲ್ಕ ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಕಟ್ಟಬೇಕು, ಎಂಟು ಅರ್ಜಿಗೆ ಒಟ್ಟು ಮೊತ್ತ ಮಧ್ಯಮ ವರ್ಗದ ಮನೆಯಲ್ಲಿ ಚರ್ಚೆಗೆ ಬರುವಷ್ಟಾಗುತ್ತದೆ. ಶುಲ್ಕ ಮನ್ನಾಕ್ಕೆ ವಿಭಾಗಕ್ಕೆ ನೇರ ಮಿಂಚಂಚೆ ಬರೆಯಿರಿ. ಹಲವು ಕಡೆ ಒಪ್ಪುತ್ತಾರೆ.

ಬ್ರಿಟನ್‌ನಲ್ಲಿ ಮೂರೂವರೆಯಿಂದ ನಾಲ್ಕು ವರ್ಷ. ಸಂಶೋಧನಾ ಮಂಡಳಿಯ ಸೀಟುಗಳಲ್ಲಿ ವಿದೇಶಿಯರ ಪಾಲಿಗೆ ಮಿತಿ ಇದೆ, ಶುಲ್ಕದ ವ್ಯತ್ಯಾಸ ಯಾರು ತುಂಬುತ್ತಾರೆ ಅನ್ನುವ ಪ್ರಶ್ನೆ ಯಾವಾಗಲೂ ಉಳಿಯುತ್ತದೆ. ಪೂರ್ತಿ ಅನುದಾನ ಅಂತ ಬರಹದಲ್ಲಿ ಬಾರದಿದ್ದರೆ ಬಿಟ್ಟುಬಿಡಿ.

ಗೈಡ್ ಬಗ್ಗೆ ವಿಚಾರಿಸುವುದು

ಯುಜಿಸಿ ನಿಯಮದಂತೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕು ವರ್ಷ ಉಳಿದವರು ತೆಗೆದುಕೊಳ್ಳಬಹುದು, ಆದರೆ ನಿಮ್ಮ ಕೊನೆಯ ವರ್ಷ ಅವರು ಕುರ್ಚಿಯಲ್ಲಿ ಇರುವುದಿಲ್ಲ. ಸಂಸ್ಥೆ ಒಂದು, ಪದವಿ ಕೊಡುವ ವಿಶ್ವವಿದ್ಯಾಲಯ ಇನ್ನೊಂದು ಇರುವ ಕಡೆ ಎರಡೂ ಕಡೆಯ ನಿಯಮ ಓದಬೇಕು. ಐಐಎ ವಿದ್ಯಾರ್ಥಿಗಳು ಬಹುಕಾಲ ಪುದುಚೇರಿ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಂಡವರು, ಪಿಆರ್‌ಎಲ್‌ನವರು ಗಾಂಧಿನಗರ ಐಐಟಿಯಲ್ಲಿ. ಕೋರ್ಸ್‌ವರ್ಕ್ ಮುಗಿದು ನೋಂದಣಿಯ ದಿನಾಂಕ ತಡವಾದರೆ ಪ್ರಬಂಧ ಸಲ್ಲಿಸುವ ದಿನವೂ ತಡ, ಫೆಲೋಶಿಪ್ ಮಾತ್ರ ಸೇರಿದ ದಿನದಿಂದಲೇ ಎಣಿಕೆ.

ಗೈಡನ್ನು ಕೇಳುವುದಕ್ಕಿಂತ ಅವರ ವಿದ್ಯಾರ್ಥಿಗಳನ್ನು ಕೇಳುವುದು ಮೇಲು. ಹಿಂದಿನ ಮೂರು ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಮೊದಲ ಪ್ರಕಟಣೆ ಯಾವ ವರ್ಷ ಬಂತು, ಅದರಲ್ಲಿ ವಿದ್ಯಾರ್ಥಿಯ ಹೆಸರು ಮೊದಲಿತ್ತೇ? ಈ ನಾಲ್ಕಕ್ಕೆ ಉತ್ತರ ಕ್ಯಾಂಟೀನಿನಲ್ಲಿ ಒಂದು ಕಾಫಿ ಮುಗಿಯುವಷ್ಟರಲ್ಲಿ ಸಿಗುತ್ತದೆ. ಐಐಎ, ಐಐಎಸ್ಸಿ ಎರಡೂ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರವಿದ್ದೂ ಒಮ್ಮೆಯೂ ಹೋಗಿ ನೋಡದೆ ಅರ್ಜಿ ಹಾಕುವುದು ಬೆಂಗಳೂರಿನವರಿಗೆ ತಕ್ಕುದಲ್ಲ.

ಒಳಗೆ ಕಾಲಿಡಲು ಸಲೀಸಾದ ದಾರಿ ಬೇಸಿಗೆ ಪ್ರಾಜೆಕ್ಟ್. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಎಂಎಸ್ಸಿ ಮೊದಲ ವರ್ಷದಲ್ಲೇ ಅರ್ಜಿ ಹಾಕಿ. ಕರೆ ಹಿಂದಿನ ವರ್ಷದ ಕೊನೆಯಲ್ಲೇ ಬರುತ್ತದೆ. ಇನ್ನೂ ಬಿಎಸ್ಸಿಯಲ್ಲಿರುವವರಿಗೆ ನೆಹರು ತಾರಾಲಯದ ವಾರಾಂತ್ಯದ ರೀಪ್ ತರಗತಿಗಳಿವೆ. ಎರಡು ತಿಂಗಳು ಜೊತೆ ಕೆಲಸ ಮಾಡಿಸಿದವರು ಬರೆಯುವ ಶಿಫಾರಸು ಪತ್ರಕ್ಕೂ, ತರಗತಿಯಲ್ಲಿ ಪಾಠ ಹೇಳಿದ ಮೇಷ್ಟ್ರು ಬರೆಯುವ "ಶಿಸ್ತಿನ ವಿದ್ಯಾರ್ಥಿ" ಪತ್ರಕ್ಕೂ ಹೊರದೇಶದ ಸಮಿತಿಗಳು ಕೊಡುವ ಬೆಲೆಯೇ ಬೇರೆ. ಆ ಎರಡು ತಿಂಗಳಲ್ಲಿ ಪೈಥಾನ್, ಸೌರಭೌತಕ್ಕಾದರೆ ಸನ್‌ಪೈ, ನೌಕೆಯ ಚಿತ್ರಗಳಿಗಾದರೆ ಸ್ಪೈಸ್ ಮತ್ತು ಐಸಿಸ್ ತಂತ್ರಾಂಶ ಕೈಗೆ ಹತ್ತಿದರೆ ಸಾಕು.

ದಿನಾಂಕಗಳ ಜಗಳ

ಅಮೆರಿಕದ ಅರ್ಜಿಗಳು ಡಿಸೆಂಬರ್-ಜನವರಿಗೆ ಮುಚ್ಚುತ್ತವೆ. ಅಂದರೆ ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟ್‌ಗೆ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರ್‌ನಲ್ಲೇ ಅರ್ಜಿ ಕೊಡಬೇಕು; ಜ್ಞಾನಭಾರತಿಗೆ ಎರಡು ಸಲ ಹೋಗಬೇಕಾದೀತು ಅಂತ ಲೆಕ್ಕ ಹಾಕಿಕೊಳ್ಳಿ. ಗೇಟ್ ಅರ್ಜಿ ಮಳೆಗಾಲದ ಕೊನೆಯಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಭಾರತದ ಸಂದರ್ಶನಗಳು ಮೇನಿಂದ ಜುಲೈವರೆಗೆ, ಸೇರುವುದು ಆಗಸ್ಟ್ ಹೊತ್ತಿಗೆ.

ತೊಡಕು ಏಪ್ರಿಲ್‌ನಲ್ಲಿ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಅನುದಾನಿತ ಸೀಟಿಗೆ ಏಪ್ರಿಲ್ 15ರವರೆಗೆ ಕಾಯುವ ಒಪ್ಪಂದಕ್ಕೆ ಬದ್ಧ. ಯುರೋಪಿನವರು ಅದಕ್ಕೂ ಮುಂಚೆ, ಕೆಲವೊಮ್ಮೆ ಎರಡೇ ವಾರದಲ್ಲಿ ಉತ್ತರ ಕೇಳುತ್ತಾರೆ. ಆ ಹೊತ್ತಿಗೆ ಐಐಎಯ ಸಂದರ್ಶನದ ಪಟ್ಟಿಯೂ ಹೊರಬಿದ್ದಿರುವುದಿಲ್ಲ. ಎರಡನ್ನೂ ಎದುರಿಗಿಟ್ಟು ಹೋಲಿಸುವ ಅವಕಾಶ ಸಿಗುವುದೇ ಇಲ್ಲ. ಆದ್ದರಿಂದ ಹೊರದೇಶದ ಯಾವ ಯೋಜನೆ, ಯಾವ ಗೈಡ್ ಬಂದರೆ ಹೋಗುವುದು, ಉಳಿದದ್ದು ಬಂದರೆ ಬಿಡುವುದು ಅನ್ನುವುದನ್ನು ಡಿಸೆಂಬರ್‌ನಲ್ಲಿ ಅರ್ಜಿ ಹಾಕುವಾಗಲೇ ಕಾಗದದ ಮೇಲೆ ಬರೆದಿಡಿ. ಅನುಮಾನವಿದ್ದ ಕಡೆಗೆ ಅರ್ಜಿಯನ್ನೇ ಹಾಕಬೇಡಿ. ಒಪ್ಪಿಕೊಂಡು ಸಹಿ ಮಾಡಿ, ಜುಲೈನಲ್ಲಿ ಇಲ್ಲಿ ಸೀಟು ಸಿಕ್ಕಿತೆಂದು ಕೈಬಿಟ್ಟರೆ ಆ ಗುಂಪು ನಿಮ್ಮ ಮೇಷ್ಟ್ರ ಮುಂದಿನ ವಿದ್ಯಾರ್ಥಿಯ ಪತ್ರವನ್ನು ಅನುಮಾನದಿಂದಲೇ ಓದುತ್ತದೆ. ಯುರೋಪಿನವರು ಎರಡು ವಾರ ಅಂದಾಗ ಇನ್ನೂ ಎರಡು ವಾರ ಕೇಳುವುದು ತಪ್ಪಲ್ಲ, ಕಾರಣವನ್ನು ನೇರವಾಗಿ ಹೇಳಿ. ವೀಸಾಕ್ಕೆ ಕಾಲಾವಕಾಶ ಬೇಕಾದ್ದರಿಂದ ಅವರೂ ಅದಕ್ಕಿಂತ ಹೆಚ್ಚು ಕಾಯಲಾರರು.